ಪವರ್ ವೀಡರ್‌ಗೆ ಹಗ್ಗದ ಕಿಲ್ ಸ್ವಿಚ್ ಹಾಕಿಸುವವರು ಓದಲೇಬೇಕಾದ್ದು

ಪಾಂಡವಪುರದ ಕಡೆ ಕೂಳೆ ಕಬ್ಬಿನ ಸಾಲಿನಲ್ಲಿ ಪವರ್ ವೀಡರ್ (ಕಳೆ ತೆಗೆಯುವ ಇಂಜಿನ್ ಗಾಡಿ) ಓಡಿಸುತ್ತಿದ್ದವರೊಬ್ಬರು ಎಡವಿ ಬಿದ್ದರು. ಸೊಂಟಕ್ಕೆ ಕಟ್ಟಿದ್ದ ಹಗ್ಗ ಜಗ್ಗಿತು, ಸ್ವಿಚ್ಚಿನ ಕ್ಲಿಪ್ಪೂ ಕಳಚಿತು. ಹಾಗೆ ಕಳಚಿದರೆ ಇಂಜಿನ್ ತಾನೇ ನಿಲ್ಲಬೇಕು, ಕಿಲ್ ಸ್ವಿಚ್ ಇರುವುದೇ ಅದಕ್ಕೆ. ಇಂಜಿನ್ ಮಾತ್ರ ನಿಲ್ಲಲಿಲ್ಲ. ಬೀಳುವಾಗ ಕ್ಲಚ್ ಲಿವರ್ ಕೈತಪ್ಪಿದ್ದರಿಂದ ಬ್ಲೇಡು ನಿಂತು ಕಾಲು ಉಳಿಯಿತು. ಸ್ವಿಚ್ ಹೊಸದು, ಹಾಕಿಕೊಟ್ಟವರು ವರ್ಕ್‌ಶಾಪಿನವರೇ. ಬಿಚ್ಚಿ ನೋಡಿದರೆ ಅರ್ಥ್ ವೈರನ್ನು (ಇಂಜಿನ್ ಬಾಡಿಗೆ ಸೇರಬೇಕಾದ ವೈರ್) ಹ್ಯಾಂಡಲ್ ಪೈಪಿಗೆ, ಬಣ್ಣದ ಮೇಲೆಯೇ ಸ್ಕ್ರೂ ಹೊಡೆದು ಕೂರಿಸಿದ್ದರು. ಥಿಂಬಲ್ (ವೈರ್ ತುದಿಯ ಲೋಹದ ಬಳೆ) ಅಡಿಯಲ್ಲಿ ಒಣಗಿದ ಕೆಸರು, ಸ್ಕ್ರೂ ಸುತ್ತ ತುಕ್ಕು. ಹಾಕಿದ ದಿನ ಕೆಲಸ ಮಾಡಿದ್ದ ಸ್ವಿಚ್, ಬೇಕಾದ ದಿನ ಸತ್ತಿತ್ತು.

ಇದು ಎಲ್ಲರ ಗಾಡಿಯಲ್ಲೂ ಆಗಬಹುದು. ಸಣ್ಣ ಪೆಟ್ರೋಲ್ ಇಂಜಿನ್ನಿನ ಮ್ಯಾಗ್ನೆಟೋ ಕಾಯಿಲ್ ತಿರುಗುವ ಅಯಸ್ಕಾಂತದಿಂದಲೇ ಕರೆಂಟ್ ಪಡೆಯುತ್ತದೆ, ಕಿಡಿ ಕೊಡಲು ಬ್ಯಾಟರಿಯನ್ನು ಕೇಳುವುದಿಲ್ಲ. ಅದನ್ನು ನಿಲ್ಲಿಸಬೇಕಾದರೆ ಕಾಯಿಲ್‌ನಿಂದ ಬರುವ ಕಿಲ್ ವೈರನ್ನು ಇಂಜಿನ್ ಬಾಡಿಗೆ ಮುಟ್ಟಿಸಬೇಕು, ಆಗ ಕಿಡಿ ಸಾಯುತ್ತದೆ. ಅಂದರೆ ವೈರ್ ತುಂಡಾದರೂ, ಅರ್ಥ್ ಕೆಟ್ಟರೂ ಇಂಜಿನ್ ಆರಾಮಾಗಿ ಓಡುತ್ತಲೇ ಇರುತ್ತದೆ. ಕೆಟ್ಟಿದೆ ಅಂತ ಹೇಳುವ ಯಾವ ಸೂಚನೆಯೂ ಸಿಗುವುದಿಲ್ಲ.

ಕೊಳ್ಳುವಾಗಲೇ ಒಂದು ಎಡವಟ್ಟು ಕಾದಿರುತ್ತದೆ. ಹಗ್ಗದ ಸ್ವಿಚ್ಚಿನಲ್ಲಿ ಎರಡು ಬಗೆ: ಕ್ಲಿಪ್ ಕಳಚಿದಾಗ ಕಾಂಟ್ಯಾಕ್ಟ್ ಕೂಡುವುದು ಒಂದು, ಬಿಡುವುದು ಇನ್ನೊಂದು. ವೀಡರ್‌ಗೆ ಬೇಕಾದ್ದು ಕೂಡುವ ಬಗೆ. ಅಂಗಡಿಯಲ್ಲೇ ಮಲ್ಟಿಮೀಟರನ್ನು ಬಜರ್‌ಗಿಟ್ಟು (ಸಂಪರ್ಕ ಕೂಡಿದರೆ ಕೂಗುವ ಸೆಟ್ಟಿಂಗ್) ಸ್ವಿಚ್ಚಿನ ಎರಡು ಕಾಲಿಗೆ ಮುಟ್ಟಿಸಿ ನೋಡಿ. ಕ್ಲಿಪ್ ಹಾಕಿದಾಗ ಸದ್ದಿರಬಾರದು, ಕಳಚಿದಾಗ ಕೂಗಬೇಕು. ತಪ್ಪು ಬಗೆಯದು ಕೈಗೆ ಬಂದರೆ ಕೆಲವು ಮೆಕ್ಯಾನಿಕ್‌ಗಳು ಕಿಲ್ ವೈರನ್ನೇ ಕತ್ತರಿಸಿ ಅದರ ನಡುವೆ ಸ್ವಿಚ್ ಸೇರಿಸಿಬಿಡುತ್ತಾರೆ. ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ಹಗ್ಗ ಎಳೆದ ಕ್ಷಣ ಗಾಡಿಯ ಮೂಲ ಆನ್-ಆಫ್ ಸ್ವಿಚ್ ಕೂಡ ಕೈಕೊಡುತ್ತದೆ. ಕಿಲ್ ವೈರಿಗೆ 12 ವೋಲ್ಟ್ ಬ್ಯಾಟರಿ ಮುಟ್ಟಿಸಿದರಂತೂ ಕಾಯಿಲ್ ಸುಟ್ಟುಹೋಗಬಹುದು.

ಸರಿಯಾದ ಕ್ರಮ ಹೀಗೆ. ಮೂಲ ಸ್ವಿಚ್ಚನ್ನು ಮುಟ್ಟಬೇಡಿ. ಅದಕ್ಕೆ ಹೋಗುವ ಕಿಲ್ ವೈರಿನಿಂದ ಒಂದು ಕವಲು ತೆಗೆದು ಹಗ್ಗದ ಸ್ವಿಚ್ಚಿನ ಒಂದು ಕಾಲಿಗೆ ಕೊಡಿ. ಇನ್ನೊಂದು ಕಾಲಿನಿಂದ ಪ್ರತ್ಯೇಕ ವೈರ್ ಎಳೆದು ನೇರವಾಗಿ ಇಂಜಿನ್ ಬ್ಲಾಕಿನ ಬೋಲ್ಟಿಗೆ ತನ್ನಿ. ಹ್ಯಾಂಡಲನ್ನು ಅರ್ಥ್ ಅಂತ ನಂಬಬೇಡಿ, ನಡುವೆ ರಬ್ಬರ್ ಬುಷ್ ಇರುತ್ತದೆ, ಬಣ್ಣ ಇರುತ್ತದೆ. ಬೋಲ್ಟಿನ ಅಡಿಯ ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜಿ, ಥಿಂಬಲ್ ಜೊತೆ ಹಲ್ಲಿನ ವಾಷರ್ ಹಾಕಿ ಬಿಗಿಯಿರಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. 1 ಚದರ ಮಿಲಿಮೀಟರ್ ಆಟೋ ವೈರ್ ಸಾಕು. ವೈರ್ ತಿರುಚಿ ಟೇಪ್ ಸುತ್ತುವುದು ಬೇಡ. ನಾಲೆ ನೀರು ಹರಿಯುವ ಗದ್ದೆಯಲ್ಲಿ ಆ ಜೋಡಣೆ ಬಾಳುವುದಿಲ್ಲ. ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿ ವೈರ್ ಒತ್ತಿ ಹಿಡಿಸಿ), ಬಿಸಿಗೆ ಕುಗ್ಗಿ ಅಂಟುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ಸೈಲೆನ್ಸರಿನಿಂದ ದೂರ ಇಡಿ, ಹ್ಯಾಂಡಲ್ ತಿರುಗುವ ಜಾಗದಲ್ಲಿ ವೈರ್ ಸ್ವಲ್ಪ ಸಡಿಲ ಬಿಡಿ.

ಹಗ್ಗ ಎಷ್ಟುದ್ದ? ಹ್ಯಾಂಡಲ್ ಹಿಡಿದು ಮಾಮೂಲಾಗಿ ನಡೆಯುವಾಗ ಒಂದು ಗೇಣು ಸಡಿಲ ಇದ್ದರೆ ಸಾಕು. ಕಟ್ಟುವುದು ಗಟ್ಟಿ ಬೆಲ್ಟಿಗೆ, ಲುಂಗಿಯ ಗಂಟಿಗಲ್ಲ.

ಇಷ್ಟೆಲ್ಲಾ ಸರಿ ಮಾಡಿದರೂ ರಿವರ್ಸ್‌ನಲ್ಲಿ ಈ ಹಗ್ಗ ನಿಮ್ಮನ್ನು ಕಾಯುವುದಿಲ್ಲ. ಗಾಡಿ ನಿಮ್ಮಿಂದ ದೂರ ಹೋದರೆ ಹಗ್ಗ ಜಗ್ಗುತ್ತದೆ. ಹಿಂದಕ್ಕೆ ಬರುವಾಗ ಗಾಡಿ ನಿಮ್ಮ ಮೇಲೇ ಬರುತ್ತದೆ, ಹಗ್ಗ ಇನ್ನಷ್ಟು ಸಡಿಲವಾಗುತ್ತದೆ. ಹಿಮ್ಮಡಿ ತೆವರಿಗೆ ತಗುಲಿ ಬಿದ್ದರೆ, ಇಲ್ಲವೇ ಬೆನ್ನಿಗೆ ತೆಂಗಿನ ಮರ ಸಿಕ್ಕರೆ, ಕ್ಲಿಪ್ ಕಳಚುವುದೇ ಇಲ್ಲ. ದೊಡ್ಡ ಅಪಾಯ ಇರುವುದು ಅಲ್ಲೇ. ಹಾಗಾಗಿ ಎಡಗೈ ಹೆಬ್ಬೆರಳಿಗೆ ಸಿಗುವಂತೆ ಒಂದು ಕೆಂಪು ಒತ್ತು ಬಟನ್ನನ್ನೂ ಅದೇ ಎರಡು ವೈರಿಗೆ ಸಮಾನಾಂತರವಾಗಿ ಕೂಡಿಸಿ. ಅಂಗಡಿಯವರು ಎಮರ್ಜೆನ್ಸಿ ಬಟನ್ ಅಂತ ಕೊಡುವುದು ಸಾಮಾನ್ಯವಾಗಿ ಎನ್‌ಸಿ, ಅಂದರೆ ಒತ್ತಿದರೆ ಬಿಡುವಂಥದ್ದು. ಇಲ್ಲಿಗೆ ಒತ್ತಿದರೆ ಕೂಡುವ ಎನ್‌ಓ ಕಾಂಟ್ಯಾಕ್ಟನ್ನೇ ಕೇಳಿ ಪಡೆಯಿರಿ. ಇನ್ನು ಕೈ ನೋಯುತ್ತದೆ ಅಂತ ಕ್ಲಚ್ ಲಿವರಿಗೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟುವವರಿದ್ದಾರೆ. ದಯವಿಟ್ಟು ಬೇಡ. ಪಾಂಡವಪುರದಲ್ಲಿ ಕಾಲು ಉಳಿಸಿದ್ದು ಆ ಲಿವರೇ.

ಡೀಸೆಲ್ ಟಿಲ್ಲರಿಗೆ ಈ ವೈರಿಂಗ್ ಏನೂ ಮಾಡುವುದಿಲ್ಲ. ಅದರಲ್ಲಿ ಕಿಡಿಯೇ ಇಲ್ಲ, ಇಂಜಿನ್ನಿಗೆ ಹೋಗುವ ಡೀಸೆಲ್ ಕಡಿದು ನಿಲ್ಲಿಸಬೇಕು. ಸ್ಟಾಪ್ ಲಿವರನ್ನು ನಿಲ್ಲುವ ಕಡೆಗೆ ಎಳೆಯುವ ಸ್ಪ್ರಿಂಗ್ ಹಾಕಿ, ಅದನ್ನು ತಡೆದಿಡುವ ಪಿನ್ನಿಗೆ ಹಗ್ಗ ಕಟ್ಟಬೇಕು. ಪೆಟ್ರೋಲ್ ಸ್ವಿಚ್ಚನ್ನೇ ಟಿಲ್ಲರ್ ಹ್ಯಾಂಡಲಿಗೆ ಅಂಟಿಸಿ ದುಡ್ಡು ಕೇಳಿದರೆ ಕೊಡಬೇಡಿ.

ದಿನಾ ಗದ್ದೆಗೆ ಇಳಿಸುವ ಮುಂಚೆ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಸ್ಟಾರ್ಟ್ ಮಾಡಿ ಹಗ್ಗ ಎಳೆಯಿರಿ. ಒಮ್ಮೆ ಐಡಲ್‌ನಲ್ಲಿ, ಇನ್ನೊಮ್ಮೆ ರೇಸ್ ಕೊಟ್ಟು. ರೇಸ್‌ನಲ್ಲಿ ಎಳೆದಾಗ ಸೈಲೆನ್ಸರ್ ಢಂ ಅಂದರೆ ಗಾಬರಿಯಾಗಬೇಡಿ, ಉರಿಯದೆ ಹೋದ ಪೆಟ್ರೋಲ್ ಅಲ್ಲಿ ಹೊತ್ತಿಕೊಂಡಿರುತ್ತದೆ. ಸ್ವಿಚ್ ಜೊತೆ ಇನ್ನೊಂದು ಕ್ಲಿಪ್ ಬಂದಿದ್ದರೆ ಅದನ್ನು ಮನೆಯಲ್ಲೇ ಇಡಿ. ಗಾಡಿಯಲ್ಲಿದ್ದರೆ ಆಳುಗಳು ಅದನ್ನೇ ಸ್ವಿಚ್ಚಿಗೆ ಸಿಕ್ಕಿಸಿ, ಹಗ್ಗವಿಲ್ಲದೆ ಓಡಿಸುತ್ತಾರೆ.