ಕಾರಿನ ಗಡಗಡ ಸದ್ದಿಗೆ ಬಟ್ಟೆ ಟೇಪ್ ಸಾಕಾ, ಬ್ಯುಟೈಲ್ ಶೀಟ್ ಬೇಕಾ?

ಮೊದಲು ಬಾಗಿಲಿಗೆ ಬೆರಳಿನಿಂದ ತಟ್ಟಿ ನೋಡಿ. ಖಾಲಿ ಡಬ್ಬದ ಹಾಗೆ ‘ಢಣ್’ ಅಂದರೆ ತಗಡೇ ನಡುಗುತ್ತಿದೆ, ಅದಕ್ಕೆ ಬ್ಯುಟೈಲ್ ಶೀಟ್, ಅಂದರೆ ತಗಡಿಗೆ ಅಂಟಿಸುವ ರಬ್ಬರಿನ ಹಾಳೆ. ಗುಂಡಿಗೆ ಇಳಿದಾಗ ಮಾತ್ರ ‘ಟಿಕ್ ಟಿಕ್’ ಅಂದರೆ ಎರಡು ಪ್ಲಾಸ್ಟಿಕ್ ಒಂದಕ್ಕೊಂದು ತಾಗುತ್ತಿರಬಹುದು. ಅಲ್ಲಿ ಬಟ್ಟೆ ಟೇಪ್, ಅಂದರೆ ಒಂದು ಬದಿಗೆ ಅಂಟಿರುವ ಬಟ್ಟೆಯ ಪಟ್ಟಿ ಸಾಕು.

ನಾನಂತೂ ಟೇಪ್ ಪಕ್ಷ. ನನ್ನ ಕಾರಿನ ಬಾಗಿಲೊಳಗೆ ಒಂದು ವೈರು ಪ್ಯಾನೆಲ್‌ಗೆ ಬಡಿಯುತ್ತಿತ್ತು. ಗೇಣುದ್ದ ಟೇಪ್ ಸುತ್ತಿದೆ, ಸದ್ದು ಅಡಗಿತು. ಆದರೆ ಮನೆಯಲ್ಲಿದೆ ಅಂತ ಸುಮ್ನೆ ಕರೆಂಟಿನ ಕಪ್ಪು ಟೇಪ್ ಹಾಕಬೇಡಿ. ಬಿಸಿಲಿಗೆ ಅಂಟು ಮೆತ್ತಗಾಗಿ ಜಾರುತ್ತದೆ, ಕೈಗೆಲ್ಲ ಜಿಗುಟು.

ಬ್ಯುಟೈಲ್ ಶೀಟ್ ಸಾಮಾನ್ಯವಾಗಿ 2 ಮಿ.ಮೀ. ದಪ್ಪ ಇರುತ್ತದೆ, ಮೇಲೆ ಅಲ್ಯೂಮಿನಿಯಂ ಹಾಳೆ. ತಗಡಿನ ನಡುಕವನ್ನು ಹೀರಿ ಶಾಖವಾಗಿಸುತ್ತದೆ. ಬಾಗಿಲು ಪೂರ್ತಿ ಮುಚ್ಚಬೇಕಿಲ್ಲ. ತಗಡಿನ ಕಾಲು ಭಾಗಕ್ಕೆ ಅಂಟಿಸಿದರೂ ವ್ಯತ್ಯಾಸ ಕೇಳಿಸುತ್ತದೆ. ಮಾರುವವರು ಪೂರ್ತಿ ಹಾಕಿಸಿ ಅಂತಾರೆ, ಅದು ಅವರ ವ್ಯಾಪಾರ ಅಲ್ವಾ! ರೋಲರ್‌ನಿಂದ ಗಟ್ಟಿಯಾಗಿ ಒತ್ತಿ, ಗುಳ್ಳೆ ಉಳಿಯಬಾರದು. ಬಾಗಿಲ ತಳದಲ್ಲಿ ನೀರು ಇಳಿಯುವ ತೂತು ಮುಚ್ಚಿದಿರೋ, ತುಕ್ಕಿಗೆ ನೀವೇ ಆಹ್ವಾನ ಕೊಟ್ಟಂತೆ.

ಫೋಮ್? ಟೈರಿನ ‘ಗುಂಯ್’ ಸದ್ದಿಗೆ ತೆಳು ಫೋಮ್‌ನಿಂದ ಜಾಸ್ತಿ ಪ್ರಯೋಜನ ಇಲ್ಲ. ನೀರು ಹೀರುವ ಸ್ಪಂಜಂತೂ ಬಾಗಿಲೊಳಗೆ ಬೇಡವೇ ಬೇಡ.