ಪ್ರೋಟೀನ್ ಡೇಟಾ ಬ್ಯಾಂಕ್: ಔಷಧದ ಹಿಡಿತವನ್ನು ಹತ್ತಿರದಿಂದ ತೋರಿಸುವ ಸೇವೆ

ರಕ್ತ ತೆಳುವಾಗಿಸುವ ಔಷಧಗಳೆಂದು ನಾವು ಕರೆಯುವ ಔಷಧಗಳು ನಿಜವಾಗಿ ರಕ್ತವನ್ನು ತೆಳುಮಾಡುವುದಿಲ್ಲ. ಹೆಪ್ಪುಗಟ್ಟುವುದರಲ್ಲಿ ಪಾತ್ರವಿರುವ ಯಾವುದಾದರೊಂದು ಪ್ರೋಟೀನನ್ನು ಹಿಡಿದು ಅದರ ಕೆಲಸವನ್ನು ಬದಲಿಸುತ್ತವೆ. ಆ ಹಿಡಿತವನ್ನು ಕಣ್ಣಾರೆ ನೋಡಬಯಸುವವರಿಗೆ ಪ್ರೋಟೀನುಗಳ ಮೂರು ಆಯಾಮದ ರಚನೆಗಳನ್ನು ಸಂಗ್ರಹಿಸಿಡುವ, 1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್‌ಗಿಂತ ಉತ್ತಮವಾದ ಸೇವೆಯನ್ನು ನಾನು ಕಂಡಿಲ್ಲ. ಶುಲ್ಕವಿಲ್ಲ, ಮೋಲ್‌ಸ್ಟಾರ್ ಎಂಬ ವೀಕ್ಷಕ ಬ್ರೌಸರಿನಲ್ಲಿಯೇ ತೆರೆದುಕೊಳ್ಳುತ್ತದೆ.

2ಡಬ್ಲ್ಯೂ26 ಎಂಬ ನಮೂದಿನಿಂದ ಆರಂಭಿಸಿ. ಅದರಲ್ಲಿ ರಿವರಾಕ್ಸಬಾನ್ ಎಂಬ ಔಷಧದ ಅಣು, ಹೆಪ್ಪುಗಟ್ಟಲು ನೆರವಾಗುವ ಫ್ಯಾಕ್ಟರ್ ಟೆನ್-ಎ ಕಿಣ್ವದ ಸಕ್ರಿಯ ತಾಣದಲ್ಲಿ (ಕಿಣ್ವ ಕೆಲಸ ಮಾಡುವ ಜಾಗದಲ್ಲಿ) ಎಲ್ ಅಕ್ಷರದಂತೆ ಬಾಗಿ ಕುಳಿತಿದೆ. ಎಸ್1 ಎಂಬ ಗುಳಿಯ ತಳದಲ್ಲಿ ಋಣಾವೇಶದ ಆಸ್ಪಾರ್ಟೇಟ್ 189 (ಹೆಸರು ಅಮೈನೊ ಆಮ್ಲದ್ದು, ಅಂಕಿ ಸರಪಳಿಯಲ್ಲಿ ಅದರ ಸ್ಥಾನದ್ದು) ಇರುವುದರಿಂದ, ಅಲ್ಲಿಗೆ ಧನಾವೇಶದ ಗುಂಪನ್ನೇ ಕಳುಹಿಸಬೇಕೆಂಬುದು ಹಳೆಯ ಔಷಧ ವಿನ್ಯಾಸಗಳ ನಂಬಿಕೆಯಾಗಿತ್ತು. ಇಲ್ಲಿ ಮಾತ್ರ ಆವೇಶವೇ ಇಲ್ಲದ ಕ್ಲೋರಿನ್ ಪರಮಾಣು ಆ ಗುಳಿಗೆ ಇಳಿದು, ಟೈರೋಸಿನ್ 228ರ ಉಂಗುರದ ಮುಖಕ್ಕೆ ಎದುರಾಗಿ ನಿಂತಿದೆ. ಚಿತ್ರವನ್ನು ಹಿಗ್ಗಿಸಿ ನಿಧಾನವಾಗಿ ತಿರುಗಿಸಿದರೆ ಆ ಹಸಿರು ಚುಕ್ಕೆ ಉಂಗುರದ ನಡುವಿಗೆ ಗುರಿಯಿಟ್ಟಂತೆ ಕಾಣುತ್ತದೆ. ನನಗೆ ಇಡೀ ನಮೂದಿನಲ್ಲಿ ಅತ್ಯಂತ ಪ್ರಿಯವಾದ ನೋಟ ಅದೇ. ಅಣುವಿನ ಇನ್ನೊಂದು ತುದಿಯ ಮಾರ್ಫೊಲಿನೋನ್ ಉಂಗುರ ಟೈರೋಸಿನ್ 99 ಮತ್ತು ಫೀನೈಲಲನಿನ್ 174ರ ನಡುವೆ ಸಿಕ್ಕಿಕೊಂಡಿದ್ದರೆ, ಮಧ್ಯಭಾಗವನ್ನು ಗ್ಲೈಸಿನ್ 219ರೊಂದಿಗಿನ ಎರಡು ಜಲಜನಕ ಬಂಧಗಳು ಹಿಡಿದಿವೆ. ಎಲ್ಲಿಯೂ ಎಲೆಕ್ಟ್ರಾನ್ ಹಂಚಿಕೊಳ್ಳುವ ಗಟ್ಟಿಯಾದ ಸಹವೇಲೆನ್ಸಿಯ ಬಂಧವಿಲ್ಲ, ಆದ್ದರಿಂದಲೇ ಈ ಹಿಡಿತ ಬಿಡಿಸಲಾಗದ್ದಲ್ಲ.

ಇದಾದ ಮೇಲೆ 1ಕೆಟಿಎಸ್ ತೆರೆದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹೆಪ್ಪುಗಟ್ಟಿಸುವ ಮತ್ತೊಂದು ಕಿಣ್ವವಾದ ಥ್ರಾಂಬಿನ್‌ನ ಅದೇ ಎಸ್1 ಗುಳಿಗೆ ದಬಿಗಟ್ರಾನ್ ಎಂಬ ಔಷಧ ತನ್ನ ಧನಾವೇಶದ ಅಮಿಡಿನ್ ಗುಂಪನ್ನು ಇಳಿಸಿ ಆಸ್ಪಾರ್ಟೇಟ್ 189ರೊಂದಿಗೆ ನೇರವಾಗಿ ಬೆಸೆದುಕೊಂಡಿದೆ. ಅಷ್ಟು ಆವೇಶ ಹೊತ್ತ ಅಣು ಕರುಳಿನಿಂದ ರಕ್ತಕ್ಕೆ ಸೇರುವುದು ಕಷ್ಟವಾದುದರಿಂದ ಆ ಔಷಧವನ್ನು ಎಟೆಕ್ಸಿಲೇಟ್ ಎಂಬ ಪೂರ್ವರೂಪದಲ್ಲಿ ನುಂಗಿಸಬೇಕಾಯಿತು. ಪುಟಗಟ್ಟಲೆ ಓದಿದರೂ ಮನಸ್ಸಿಗೆ ಇಳಿಯದ ಈ ಸಂಗತಿ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ತಾನಾಗಿ ತಿಳಿಯುತ್ತದೆ.

ವಾರ್ಫರಿನ್ ಬಗ್ಗೆ ತಿಳಿಯಲು 2ಬಿಎಕ್ಸ್‌ಡಿ ನೋಡಬಹುದು. ರಕ್ತದಲ್ಲಿನ ಈ ಔಷಧದ ಸುಮಾರು 99 ಶೇಕಡಾ ಅಂಟಿಕೊಳ್ಳುವ ಆಲ್ಬುಮಿನ್ ಪ್ರೋಟೀನಿನ ಗೂಡು ಅಲ್ಲಿದೆ, ಆದರೆ ಆಲ್ಬುಮಿನ್ ಔಷಧದ ಗುರಿಯಲ್ಲ, ಅದನ್ನು ಹೊತ್ತೊಯ್ಯುವ ವಾಹಕ ಮಾತ್ರ. ಹೆಪಾರಿನ್ ವಿಷಯದಲ್ಲಿ ಮಾತ್ರ ಒಂದೇ ಚಿತ್ರ ಸಾಲದು. ಅದರ ಐದು ಸಕ್ಕರೆಗಳ ತುಣುಕು ಅಂಟಿಕೊಂಡಾಗ, ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನಾದ ಆಂಟಿಥ್ರಾಂಬಿನ್‌ನ ಆಕಾರವೇ ಬದಲಾಗುವುದರಿಂದ, ಅಂಟುವ ಮೊದಲಿನ ಮತ್ತು ನಂತರದ ರಚನೆಗಳನ್ನು ಒಂದರ ಮೇಲೊಂದು ಹೊಂದಿಸಿ ನೋಡಬೇಕು.

ಹೊಸಬರು ಎಡವುವ ಜಾಗ ಅಮೈನೊ ಆಮ್ಲಗಳ ಸಂಖ್ಯೆ. ಮೇಲೆ ಹೇಳಿದ 189, 219, 228 ಇವೆಲ್ಲ ಕೈಮೊಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವದ ಕ್ರಮವನ್ನು ಅನುಸರಿಸುತ್ತವೆಯೇ ಹೊರತು ಆಯಾ ಪ್ರೋಟೀನಿನ ಸ್ವಂತ ಎಣಿಕೆಯನ್ನಲ್ಲ. ಸುಮಾರು 2 ಆಂಗ್‌ಸ್ಟ್ರಾಂ ವಿಭೇದನದ (ಎಷ್ಟು ಸೂಕ್ಷ್ಮ ವಿವರ ಕಾಣುತ್ತದೆಂಬುದರ ಅಳತೆ) ಇಂತಹ ಎಕ್ಸ್‌ಕಿರಣ ರಚನೆಯಲ್ಲಿ ಜಲಜನಕ ಪರಮಾಣುಗಳು ಸಾಮಾನ್ಯವಾಗಿ ಕಾಣಿಸುವುದಿಲ್ಲವಾದ್ದರಿಂದ, ಜಲಜನಕ ಬಂಧಗಳೆಂದು ಪರದೆಯ ಮೇಲೆ ಕಾಣುವ ಚುಕ್ಕೆಗೆರೆಗಳು ದೂರ ಮತ್ತು ಕೋನಗಳನ್ನು ಲೆಕ್ಕಹಾಕಿ ತಂತ್ರಾಂಶ ಎಳೆದವು ಎಂಬುದನ್ನೂ ನೆನಪಿನಲ್ಲಿಟ್ಟುಕೊಂಡು ನೋಡಬೇಕು.