ದೂರದ ಸವಾರಿಗೆ ಉಕ್ಕಿನ ಸೈಕಲ್: ಸರ್ಲಿಯೋ, ರಿಚಿಯೋ?

ಸರ್ಲಿ ಕಂಪನಿಯ ಡಿಸ್ಕ್ ಟ್ರಕರ್, ರಿಚಿ ಕಂಪನಿಯ ರೋಡ್ ಲಾಜಿಕ್ ಎರಡೂ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕಿನ ಫ್ರೇಮುಗಳೇ, ಸ್ವಭಾವ ಮಾತ್ರ ಪೂರ್ತಿ ಬೇರೆ. ಸರ್ಲಿ ಡಿಸ್ಕ್ ಟ್ರಕರ್ ಹೊರೆ ಹೊರಲೆಂದೇ ಕಟ್ಟಿದ್ದು. ಹಿಂದೆ ಮುಂದೆ ಕ್ಯಾರಿಯರ್, ಮಡ್‌ಗಾರ್ಡ್ ಎಲ್ಲಕ್ಕೂ ಜಾಗ ಇದೆ. ಚೈನ್‌ಸ್ಟೇ, ಅಂದರೆ ಪೆಡಲಿನ ಬುಡದಿಂದ ಹಿಂದಿನ ಚಕ್ರದವರೆಗಿನ ಕೊಳವೆ, ಉದ್ದವಾದ್ದರಿಂದ ತುಳಿಯುವಾಗ ಹಿಮ್ಮಡಿ ಹಿಂದಿನ ಕ್ಯಾರಿಯರ್‌ನ ಚೀಲಕ್ಕೆ ತಾಗುವುದಿಲ್ಲ. ರಿಚಿ ರೋಡ್ ಲಾಜಿಕ್ ಹಗುರ, ಮುಂದಿನ ಚಕ್ರ ಹಿಡಿಯುವ ಫೋರ್ಕು ಕಾರ್ಬನ್‌ನದು, ಏರಿನಲ್ಲಿ ಕಾಲಿಟ್ಟೊಡನೆ ಜಿಗಿಯುತ್ತದೆ. ಕ್ಯಾರಿಯರ್ ಆಸೆ ಬಿಡಬೇಕು, ಅಷ್ಟೆ.

ಈಗ ಆರಾಮದ ವಿಷಯ. ಉಕ್ಕು ಮೈನೋವನ್ನೆಲ್ಲ ನುಂಗಿಬಿಡುತ್ತದೆ ಎಂಬ ಮಾತನ್ನು ಪೂರ್ತಿ ನಂಬಬೇಡಿ. ರಸ್ತೆಯ ಅದುರನ್ನು ಹೆಚ್ಚು ತಡೆಯುವುದು ಟೈರಿನ ಅಗಲ, ಅದರಲ್ಲಿನ ಗಾಳಿಯ ಒತ್ತಡ. ಟ್ರಕರ್‌ನಲ್ಲಿ 40 ಮಿ.ಮೀ. ಟೈರ್ ಸಲೀಸಾಗಿ ಕೂರುತ್ತದೆ. ರಿಮ್ ಬ್ರೇಕಿನ (ಚಕ್ರದ ಅಂಚನ್ನೇ ಒತ್ತಿ ನಿಲ್ಲಿಸುವ ಬ್ರೇಕು) ರೋಡ್ ಲಾಜಿಕ್‌ಗೆ 30 ಮಿ.ಮೀ. ಆದರೆ ಮುಗಿಯಿತು. ನಮ್ಮ ಹಂಪು, ಗುಂಡಿಗಳ ರಸ್ತೆಯಲ್ಲಿ ಆ 10 ಮಿ.ಮೀ. ಅಂಗೈಗೂ ಬೆನ್ನಿಗೂ ಬಹಳ ದೊಡ್ಡದು.

ಬ್ರೆವೆಗಳಿಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳಿಗೆ, ಹೋಗುವವರಿಗೆ 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 600ಕ್ಕೆ 40 ಗಂಟೆ ಸಿಗುತ್ತದೆ. 200ಕ್ಕೆ ರಿಚಿ ಸಾಕು, ಖುಷಿಯೂ ಹೆಚ್ಚು. ರಾತ್ರಿ, ಮಳೆ, ಬಟ್ಟೆಬರೆ ಸೇರುವ 600ಕ್ಕೆ ನಾನು ಸರ್ಲಿಯನ್ನೇ ಹಿಡಿಯುತ್ತೇನೆ, ಭಾರವಾದರೂ ಸರಿ. ಯಾವುದಾದರೂ ಆಗಲಿ, ನಿಮ್ಮ ಮೈಗೆ ಹೊಂದುವ ಅಳತೆ ನೋಡಿಸದೆ ಕೊಳ್ಳಬೇಡಿ.